ಬಡಿದು ಮಲಗಿಸಿದ ಚುಕ್ಕೆ

ನುಣುಪು, ಅಧ್ಯಾಯ ಮುಗಿದ ಮೇಲೆ ಇರಬೇಕಾದ ನುಣುಪು, ಬೆರಳು ಅದರ ಮೇಲೆ ಸುಮ್ಮನೆ ಜಾರಿಕೊಂಡು ಹಾಳೆಯ ಅಂಚು ಮುಟ್ಟಬೇಕಿತ್ತು, ಆದರೆ ನಡುವೆ ಎಲ್ಲೋ ಏನೋ ತಡೆಯಿತು, ಹಾಸಿಗೆಯ ಬಟ್ಟೆಯ ಕೆಳಗೆ ಉಳಿದುಹೋದ ಗುಂಡಿಯ ಹಾಗೆ — ಅವಳು ಬೆರಳನ್ನು ಹಿಂದಕ್ಕೆ ತಂದಳು. ಏನೂ ಇಲ್ಲ. ಮತ್ತೆ ತಂದಳು. ಇದೆ. ಒಂದು ಚುಕ್ಕೆ, ಬಡಿದು ಮಲಗಿಸಿದ ಚುಕ್ಕೆ, ಪೂರ್ತಿ ಮಲಗದೆ ಉಳಿದದ್ದು. ಮುಗೀತಲ್ಲ, ಎಂದಳು ಎದುರು ಕೂತ ಕನ್ನಡಕ, ಮುಂದಿನ ಅಧ್ಯಾಯ ತಗೊಳ್ಳೋಣ, ಮೂರು ಗಂಟೆಗೆ ಮಷಿನ್ನು ಖಾಲಿ ಮಾಡಿಟ್ಟಿದಾರಂತೆ. ಸ್ವಲ್ಪ ತಡೀರಿ. ಯಾಕೆ, ಏನಾಯ್ತು. ಏನಿಲ್ಲ, ತಡೀರಿ ಅಂದೆ. ಕನ್ನಡಕ ತಡೆದಳು, ಆದರೆ ಅವಳ ಉಸಿರು ತಡೆಯಲಿಲ್ಲ, ಒಂದು ಸುತ್ತು ಬೇಗ ಹೋಗಿ ಬಂತು, ಹದಿನೆಂಟು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತ ಮೇಲೆ ಉಸಿರಿನ ಲೆಕ್ಕವೂ ತಪ್ಪುವುದಿಲ್ಲ. ಕನ್ನಡಕ ಎಂದು ಹೆಸರಿಟ್ಟದ್ದು ಇವಳೇ, ಮೊದಲ ದಿನ ಕನ್ನಡಕದ ಡಬ್ಬಿ ಟಪ್ಪೆಂದು ತೆರೆದ ಸದ್ದು ಕೇಳಿ, ಓ ಕಣ್ಣಿರೋರಿಗೂ ಕಣ್ಣು ಸಾಲಲ್ವಾ ಎಂದಿದ್ದಳು, ಆಕೆ ಬಿದ್ದು ಬಿದ್ದು ನಕ್ಕಿದ್ದಳು, ಅಲ್ಲಿಂದ ಸ್ನೇಹ. ಕಣ್ಣಿಲ್ಲದವರಿಗೆ ಉಬ್ಬು ಚುಕ್ಕೆಗಳ ಬ್ರೈಲ್ ಪುಸ್ತಕ ಅಚ್ಚು ಹಾಕುವ ಈ ಮುದ್ರಣಾಲಯದಲ್ಲಿ ಕರಡು ತಿದ್ದಲಿಕ್ಕೆ ಯಾವಾಗಲೂ ಇಬ್ಬರು ಬೇಕು, ಒಬ್ಬಳಿಗೆ ಕಣ್ಣಿರಬಾರದು, ಒಬ್ಬಳಿಗೆ ಇರಬೇಕು. ಇವಳು ಚುಕ್ಕೆಗಳ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದುತ್ತಾಳೆ, ಕನ್ನಡಕ ಶಾಯಿಯ ಪುಸ್ತಕ ಹಿಡಿದು ಹಿಂದೆಯೇ ಬರುತ್ತಾಳೆ, ಒಂದಕ್ಷರ ಹೆಚ್ಚುಕಮ್ಮಿಯಾದರೆ ಪೆನ್ಸಿಲಿನ ಹಿಂಬದಿಯಿಂದ ಮೇಜಿಗೆ ಎರಡು ಪೆಟ್ಟು, ಟಕ್ ಟಕ್, ಅಂದರೆ ಹಿಂದಕ್ಕೆ ಹೋಗು, ಮತ್ತೆ ಓದು. ಬಾಯಲ್ಲಿ ಹೇಳುವ ಪದ್ಧತಿಯೇ ಇಲ್ಲ. ಓದಿ ಮುಗಿದ ಮೇಲೆ ಇವಳು ಮೇಜಿನ ಖಾನೆಯಿಂದ ತನ್ನ ಮೊಹರು ತೆಗೆದು ಮೊದಲ ಹಾಳೆಯ ಮೂಲೆಯಲ್ಲಿ ಒತ್ತುತ್ತಾಳೆ, ಓದಿದ್ದೇನೆ, ಪೂರ್ತಿಯಿದೆ. ಆ ಮೊಹರು ಬೀಳದೆ ಮಷಿನ್ನು ತಿರುಗುವುದಿಲ್ಲ.

ಇರುವಿಕೆ — ಅಧ್ಯಾಯದ ಹೆಸರು ಅದು, ಪದವಿಯ ಕೊನೆಯ ವರ್ಷದವರಿಗೆ ಪ್ರಾಚೀನ ಗ್ರೀಕರ ತತ್ವಶಾಸ್ತ್ರ, ಬೆಳಗ್ಗೆಯಿಂದ ಅದನ್ನೇ ಓದುತ್ತಿದ್ದಾಳೆ, ಓದುತ್ತ ಓದುತ್ತ ಹಳೆಯ ಸಿಟ್ಟುಗಳೆಲ್ಲ ಒಂದೊಂದಾಗಿ ಎದ್ದು ಕೂತಿವೆ. ಎಲ್ಲವೂ ಮೂಲದಲ್ಲಿ ನೀರು ಎಂದ ಒಬ್ಬ, ಎಲ್ಲವೂ ಹರಿಯುತ್ತದೆ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ ಎಂದ ಇನ್ನೊಬ್ಬ, ಅವರನ್ನೆಲ್ಲ ಬದಿಗೆ ಸರಿಸಿ ಗತ್ತಿನವನೊಬ್ಬ ಬಂದ — ಇರುವುದು ಮಾತ್ರ ಇದೆ, ಅದು ಹುಟ್ಟುವುದಿಲ್ಲ ಸಾಯುವುದಿಲ್ಲ ಅಲುಗುವುದಿಲ್ಲ, ಚೆಂಡಿನ ಹಾಗೆ ಎಲ್ಲ ಕಡೆಯಿಂದಲೂ ಪೂರ್ತಿ, ಇಲ್ಲದ್ದು ಇಲ್ಲವೇ ಇಲ್ಲ, ಅದನ್ನು ಯೋಚಿಸಲಿಕ್ಕೂ ಆಗದು, ಹೇಳಲಿಕ್ಕೂ ಆಗದು. ಆಗದಂತೆ. ದೊಡ್ಡ ಮನುಷ್ಯ, ಅವನ ಮನೆಯಲ್ಲಿ ಯಾರನ್ನೂ ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿರಲಿಲ್ಲವೇನೋ. ಕಾಲೇಜಿನಲ್ಲಿ ಇದೇ ಪಾಠ ನಡೆದ ದಿನ ಅವಳು ಎದ್ದು ನಿಂತು ಕೇಳಿದ್ದಳು, ಸರ್, ಇಲ್ಲದ್ದರ ಬಗ್ಗೆ ಮಾತಾಡೋಕೇ ಆಗಲ್ಲ ಅಂದ್ರೆ ಅವನು ಈಗ ಮಾತಾಡಿದ್ದು ಯಾವುದರ ಬಗ್ಗೆ. ತರಗತಿ ಗೊಳ್ಳೆಂದಿತು, ಮೇಷ್ಟ್ರೂ ನಕ್ಕರು, ಹುಡುಗಿ ಚುರುಕಿದಾಳೆ, ಕೂತ್ಕೋಮ್ಮ. ಆರು ವರ್ಷದ ಮೇಲೆ ಅಧ್ಯಾಪಕಿಯ ಕೆಲಸಕ್ಕೆ ಸಂದರ್ಶನಕ್ಕೆ ಹೋದರೆ ಮೇಜಿನ ಆಚೆ ಅದೇ ದನಿ, ಎಲ್ಲ ಸರಿಯಮ್ಮ, ಬೋರ್ಡಿನ ಮೇಲೆ ಹೇಗೆ ಬರೀತೀಯ. ಬರೆಯೋಕೆ ಏನಿದೆ ಸರ್, ಇರುವಿಕೆಯ ಚಿತ್ರ ನೀವು ಯಾವತ್ತಾದ್ರೂ ಬರೆದಿದ್ರಾ. ಆಗಲೂ ನಕ್ಕರು. ಕೆಲಸ ಬೇರೆ ಯಾರಿಗೋ ಹೋಯಿತು, ಅವಳ ಅಂಕಪಟ್ಟಿಯಲ್ಲಿ ಮೊದಲ ಸ್ಥಾನ ಎಂದು ಬರೆದದ್ದು ಇವತ್ತಿಗೂ ಟ್ರಂಕಿನ ತಳದಲ್ಲಿದೆ, ಇದೆ, ಹುಟ್ಟುವುದಿಲ್ಲ ಸಾಯುವುದಿಲ್ಲ ಅಲುಗುವುದಿಲ್ಲ. ಆ ಸ್ಥಾನವನ್ನಾದರೂ ಹೇಗೆ ಗಿಟ್ಟಿಸಿದಳೋ, ಆಗ ಈ ಪುಸ್ತಕ ಬ್ರೈಲಿನಲ್ಲಿ ಇರಲೇ ಇಲ್ಲ, ಪಕ್ಕದ ಮನೆಯವರ ಮಗಳು ಸಂಜೆ ಬಂದು ಓದಿ ಹೇಳುತ್ತಿದ್ದಳು, ಬೇಜಾರಾದಾಗ ಎರಡು ಹಾಳೆ ಒಟ್ಟಿಗೆ ತಿರುವುತ್ತಿದ್ದಳು, ಒಂದು ಹಾಳೆ ತಿರುವಿದ ಸದ್ದಿಗೂ ಎರಡು ಹಾಳೆಯ ಸದ್ದಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು ಪಾಪ. ಕೇಳಿದರೆ, ಅದರಲ್ಲಿ ಏನೂ ಇಲ್ಲ ಕಣೇ, ನಿನಗೆ ಬೇಡದ್ದು. ನನಗೆ ಬೇಕೋ ಬೇಡವೋ ಎಂದು ತೀರ್ಮಾನ ಮಾಡಲಿಕ್ಕೆ ಊರಿಗೆಲ್ಲ ಬಿಡುವಿದೆ.

ಬೆರಳು ಮತ್ತೆ ಅಲ್ಲಿಗೇ ಹೋಗಿದೆ. ಒಂದಲ್ಲ, ಇನ್ನೂ ಇವೆ, ಸಾಲಾಗಿ ಇವೆ, ತೋರುಬೆರಳಿನ ತುದಿಯನ್ನು ಗರಿಯಷ್ಟು ಹಗುರ ಮಾಡಿ ಹಿಡಿದರೆ ಒಂದೊಂದೇ ಮೈ ತೋರುತ್ತವೆ, ಒತ್ತಿದರೆ ಮಾಯ. ಹೀಗೆ ಆಗುವುದು ಒಂದೇ ಕಾರಣಕ್ಕೆ. ಚುಕ್ಕೆಗಳು ಮೊದಲು ತಗಡಿನ ಮೇಲೆ ಮೂಡುತ್ತವೆ, ತಗಡಿನಿಂದ ಕಾಗದಕ್ಕೆ ಬರುತ್ತವೆ, ತಗಡಿನಲ್ಲಿ ತಪ್ಪು ಚುಕ್ಕೆ ಬಿದ್ದಿದ್ದರೆ ತಗಡಿನವರು ಚಿಕ್ಕ ಸುತ್ತಿಗೆ ಹಿಡಿದು ಅದನ್ನು ಬಡಿದು ಮಲಗಿಸುತ್ತಾರೆ, ಅಷ್ಟೇ, ಅಳಿಸುವುದು ಅಂದರೆ ಇಲ್ಲಿ ಬಡಿಯುವುದು. ಕಣ್ಣಿಗೆ ಅದು ಸಪಾಟಾಗಿ ಕಾಣುತ್ತದಂತೆ. ಕಣ್ಣಿರುವವರು ಕಾಣದ್ದನ್ನು ಹೋಯಿತು ಎಂದುಕೊಳ್ಳುತ್ತಾರೆ, ಅದು ಅವರ ರೋಗ. ಆದರೆ ಒಂದು ತಪ್ಪು ಚುಕ್ಕೆ ಬಡಿಯಬಹುದು, ಎರಡು ಬಡಿಯಬಹುದು, ಒಂಬತ್ತು ಸಾಲು ಬಡಿಯುತ್ತಾರೆಯೇ — ಎಣಿಸಿದಳು, ಒಂಬತ್ತು, ಅಧ್ಯಾಯದ ಕೊನೆಯಲ್ಲಿ, ಯಾರಿಗೂ ಅನುಮಾನ ಬಾರದ ಜಾಗದಲ್ಲಿ. ಗುರುವಾರ, ಹೌದು, ಗುರುವಾರ ಮಧ್ಯಾಹ್ನ ತಗಡಿನ ಕೋಣೆಯಿಂದ ಮುಕ್ಕಾಲು ಗಂಟೆ ಟಣ್ ಟಣ್ ಟಣ್ ಎಂದು ಬಡಿತ ಕೇಳಿತ್ತು, ತಗಡಿನವರಿಗೆ ಇವತ್ತು ಯಾರ ಮೇಲೆ ಸಿಟ್ಟು ಬಂದಿದೆಯಪ್ಪಾ ಎಂದು ಇವಳು ತಮಾಷೆ ಮಾಡಿದ್ದಳು, ಕನ್ನಡಕ ನಗಲಿಲ್ಲ, ಆಗಲೇ ಹೊಳೆಯಬೇಕಿತ್ತು, ಯಾವ ಸಪ್ಪೆ ಮಾತಿಗೂ ನಗುವವಳು ನಗಲಿಲ್ಲ. ಬೆರಳು ಎರಡನೆಯ ಸಾಲಿಗೆ ಇಳಿಯಿತು, ಅಲ್ಲಿ ಒಂದು ಪದ, ಮೂರು ಅಕ್ಷರಕ್ಕೂ ಮೂರು ಸಲ ಅದೇ ಉಕಾರ, ಎಡಕ್ಕೆ ಮೇಲೆ ಕೆಳಗೆ ಎರಡು, ಬಲಕ್ಕೆ ಕೆಳಗೆ ಒಂದು, ಮತ್ತೆ ಅದೇ, ಮತ್ತೆ ಅದೇ — ಹುಟ್ಟಿದಾಗಿನಿಂದ ಬೆನ್ನ ಹಿಂದೆ ಕೇಳಿದ ಪದ, ಬೆರಳಿಗೆ ಹೊಸದೇನಲ್ಲ. ಕುರುಡು. ಓಹೋ. ಗ್ರೀಕರು ನಮ್ಮನ್ನೂ ಮಾತಾಡಿಸಿದ್ದಾರೆ, ಇರುವಿಕೆಯ ಅಧ್ಯಾಯದಲ್ಲಿ ನಮಗೂ ಒಂದು ಮೂಲೆ ಕೊಟ್ಟಿದ್ದಾರೆ, ಅದನ್ನೇ ಹುಡುಕಿ ಬಡಿದಿದ್ದಾರೆ.

ಅವಳ ಕಿವಿ ಬಿಸಿಯಾಯಿತು. ಒಳಕೋಣೆ ನೆನಪಾಯಿತು, ನೆನಪಾಗುವುದೇನು, ಅದು ಹೋಗಿದ್ದರೆ ತಾನೆ, ಹತ್ತೊಂಬತ್ತು ವರ್ಷದವಳು ಟ್ರಂಕಿಗೂ ಮಡಚಿಟ್ಟ ಹಾಸಿಗೆಗೂ ನಡುವೆ ಕೂತಿದ್ದಾಳೆ, ಅಮ್ಮ ಬಾಗಿಲು ಮುಂದಕ್ಕೆ ಎಳೆಯುತ್ತ ಹೇಳುತ್ತಿದ್ದಾಳೆ, ಒಂದರ್ಧ ಗಂಟೆ ಪುಟ್ಟಾ, ಅವರು ಹೋಗೋ ತನಕ ನೀನು ಇಲ್ಲ ಅಂತ ಅಂದ್ಕೋ. ಅಣ್ಣನಿಗೆ ಹೆಣ್ಣು ಕೊಡುವವರು ಬಂದಿದ್ದರು, ಹೊಸ ಬೀಗರು, ಕುರ್ಚಿ ಎಳೆದ ಸದ್ದು, ಲೋಟ ಇಟ್ಟ ಸದ್ದು, ಒಬ್ಬ ಹೆಂಗಸು ಕೇಳಿದಳು, ನಿಮಗೆ ಮಕ್ಕಳು ಎಷ್ಟು ಜನ. ಅಪ್ಪ ಗಂಟಲು ಸರಿ ಮಾಡಿಕೊಂಡರು. ಇಬ್ಬರು. ಅಣ್ಣ, ಕಣ್ಣಿರುವ ತಂಗಿ, ಇಬ್ಬರು. ಅಷ್ಟು ಸಲೀಸಾಗಿ. ಎಲ್ಲ ಕಡೆಯಿಂದಲೂ ಪೂರ್ತಿ, ಚೆಂಡಿನ ಹಾಗೆ, ಮೂರನೆಯವಳಿಗೆ ಅಲ್ಲಿ ಸಂದೇ ಇಲ್ಲ, ಮೂರನೆಯವಳು ಉಸಿರು ಬಿಗಿಹಿಡಿದಿದ್ದಾಳೆ, ಸೀನು ಬರುತ್ತಿದೆ, ಹಾಸಿಗೆಯ ಧೂಳು, ಮೂಗು ಒತ್ತಿ ಹಿಡಿದಿದ್ದಾಳೆ, ಇಲ್ಲದವಳು ಸೀನಬಾರದಲ್ಲ. ಆಮೇಲೆ ಅಮ್ಮ ಬಂದು ತಲೆ ಸವರಿ ಅತ್ತಳು, ನಿನಗೇ ಮುಜುಗರ ಆಗಬಾರದು ಅಂತ ಕಣೇ, ನಿನ್ನ ಒಳ್ಳೇದಕ್ಕೇ. ಆ ಒಳ್ಳೆಯದನ್ನು ಹೊತ್ತು ಹೊತ್ತು ಅವಳ ಬೆನ್ನು ಬಾಗಿದೆ. ಅಪ್ಪ ತೀರಿಕೊಳ್ಳುವ ಮೊದಲು ಬರೆದ ಕಾಗದವನ್ನು ಅಣ್ಣ ಓದಿ ಹೇಳಿದ, ಒಂದು ಕಡೆ ನಿಲ್ಲಿಸಿದ, ಉಗುಳು ನುಂಗಿದ, ಮುಂದಿನದು ಓದಿದ. ನಡುವೆ ಏನಿತ್ತು. ಏನಿಲ್ಲ ಬಿಡು. ಏನಿಲ್ಲ ಎಂಬುದರಲ್ಲಿ ಎಷ್ಟೆಲ್ಲ ತುಂಬಿಟ್ಟಿದ್ದಾರೆ ಈ ಜನ, ಅವಳ ಪಾಲಿನ ಅರ್ಧ ಪ್ರಪಂಚ ಅದರೊಳಗೇ ಇದೆ. ಅದಕ್ಕೇ ಅಲ್ಲವೇ ಕನ್ನಡಕ ಬೇಕಾದವಳಾದದ್ದು, ಮೊದಲ ವಾರವೇ ಒಂದು ಪುಸ್ತಕ ಕೈಗಿಟ್ಟು ಏನಿದೆ ಓದಿ ಎಂದರೆ ಹೊದಿಕೆಯ ಬೆಲೆಯಿಂದ ಶುರು ಮಾಡಿ ಯಾರೋ ಮೂಲೆಯಲ್ಲಿ ಗೀಚಿದ ಬೈಗುಳದ ತನಕ ಓದಿದ್ದಳು, ನಾಚುತ್ತ, ಆದರೆ ಓದಿದ್ದಳು, ಒಂದಕ್ಷರ ಬಿಡಲಿಲ್ಲ. ಪ್ರಪಂಚದಲ್ಲಿ ಒಬ್ಬಳು ಬಿಡದೆ ಓದುತ್ತಾಳೆ, ಒಬ್ಬಳು ಇದ್ದಾಳೆ, ಎಂದುಕೊಂಡು ಅವಳು ಹದಿನೆಂಟು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು.

ನಿಮ್ಮ ಪುಸ್ತಕದಲ್ಲಿ ಈ ಅಧ್ಯಾಯ ಎಲ್ಲಿಗೆ ಮುಗಿಯುತ್ತೆ, ಕೇಳಿದಳು, ದನಿಯನ್ನು ಆದಷ್ಟು ಸಪ್ಪೆ ಮಾಡಿ. ನೀವು ಓದಿದ್ರಲ್ಲ, ಅಲ್ಲಿಗೇ. ಅದರ ಕೆಳಗೆ ಏನೂ ಇಲ್ವಾ. ಕನ್ನಡಕದ ಡಬ್ಬಿ ಟಪ್ಪೆಂದಿತು, ತೆರೆಯುವ ಕಾರಣವಿರಲಿಲ್ಲ, ಮತ್ತೆ ಟಪ್ಪೆಂದಿತು. ಏನೂ ಇಲ್ಲ. ಇಬ್ಬರು ಎಂದ ಅಪ್ಪನ ದನಿಯೇ, ಅಷ್ಟೇ ಸಲೀಸು, ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ, ನೀನೂ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ, ಕೇಳಿದರೆ ಅಳು ಬರುತ್ತದೆ, ಅಳು ಬಂದರೆ ಇವರೆಲ್ಲ ಸೇರಿ ತಲೆ ಸವರುತ್ತಾರೆ. ಸಾಹೇಬರನ್ನ ಕರೀರಿ. ಅಯ್ಯೋ ಅವರನ್ನ ಯಾಕೆ. ಕರೀರಿ ಅಂದೆ. ಕರೆಯಬೇಕಾಗಲಿಲ್ಲ, ಮೊಹರು ಬಿತ್ತೋ ಇಲ್ಲವೋ ಎಂದು ಅವರೇ ಬಂದರು, ಮೇಲ್ವಿಚಾರಕರು, ಬಾಗಿಲಲ್ಲೇ ಒಂದು ನಿಟ್ಟುಸಿರು ಬಿಟ್ಟು ಒಳಗೆ ಬರುವ ಅಭ್ಯಾಸ, ಕಣ್ಣಿಲ್ಲದ ಆರು ಜನ ಕೆಲಸ ಮಾಡುವ ಕಟ್ಟಡಕ್ಕೆ ಬರುವಾಗ ದಿನವೂ ಆ ನಿಟ್ಟುಸಿರು, ಅದಕ್ಕೇ ಅವಳು ಮನಸ್ಸಿನಲ್ಲಿ ಇಟ್ಟ ಹೆಸರು ದಯಾಮಯ. ಏನಮ್ಮಾ, ಎಲ್ಲ ಆಯ್ತಾ. ಇಲ್ಲಿ ಒಂಬತ್ತು ಸಾಲು ಬಡಿಸಿದೀರಿ. ಯಾವ ಸಾಲು. ಕುರುಡು ಅಂತ ಇರೋ ಸಾಲು. ಷೂ ಒಂದು ಹೆಜ್ಜೆ ಹಿಂದಕ್ಕೆ, ಒಂದು ಹೆಜ್ಜೆ ಮುಂದಕ್ಕೆ, ಆಮೇಲೆ ದಯೆ ಹರಿಯತೊಡಗಿತು, ನೋಡಮ್ಮಾ, ತಗಡಿನಲ್ಲಿ ಏನೋ ತಪ್ಪಾಗಿತ್ತು, ತೆಗೆಸಿದ್ವಿ, ಮೂಲ ಪುಸ್ತಕದಲ್ಲಿ ಅಂಥದ್ದೇನೂ ಇಲ್ಲ, ಬೇಕಾದ್ರೆ ಇವರನ್ನೇ ಕೇಳು. ಇಲ್ಲ, ಎಂದಳು ಕನ್ನಡಕ, ಮೆಲ್ಲಗೆ. ಇನ್ನು ಇದ್ದರೂ ಅಂದ್ಕೋ, ದಯಾಮಯ ಅಂದರು, ಇದ್ದರೂ ಅಂತ ಮಾತಿಗೆ ಹೇಳ್ತೀನಿ, ಓದೋರಿಗೆ ಮನಸ್ಸಿಗೆ ನೋವಾಗೋ ಅಂಥ ಮಾತು ನಾವು ಯಾಕೆ ಹಾಕಬೇಕು, ಎಳೇ ಹುಡುಗರು, ನಿಮ್ಮ ಒಳ್ಳೇದಕ್ಕೇ ತಾನೆ. ಒಳ್ಳೇದಕ್ಕೇ. ಎಳೆಯ ಹುಡುಗರಂತೆ, ಇಪ್ಪತ್ತು ಇಪ್ಪತ್ತೊಂದು ವರ್ಷದವರು, ಬಸ್ಸು ಹತ್ತಿ ಇಳಿದು ಬಿದ್ದು ಎದ್ದು ಕಾಲೇಜು ಮುಟ್ಟುವವರು, ಹುಟ್ಟಿದಾಗಿನಿಂದ ಎಲ್ಲರ ಬಾಯಲ್ಲಿ ಆ ಪದ ಕೇಳಿಕೊಂಡು ಬಂದವರು, ಅವರು ಪುಸ್ತಕದಲ್ಲಿ ಅದನ್ನು ಮುಟ್ಟಿದರೆ ಸತ್ತುಹೋಗುತ್ತಾರೆಯೇ — ಪಕ್ಕದ ಬೆಂಚಿನವನು ಶಾಯಿಯ ಪುಸ್ತಕದಲ್ಲಿ ಅದನ್ನು ಓದಿರುತ್ತಾನೆ, ಮೇಷ್ಟ್ರು ಅದರ ಮೇಲೇ ಪ್ರಶ್ನೆ ಕೇಳುತ್ತಾರೆ, ಇವರು ಮಾತ್ರ ನುಣ್ಣನೆಯ ಹಾಳೆ ಸವರಿಕೊಂಡು ಕೂರಬೇಕು, ಅಲ್ಲೊಂದು ಮಾತು ಇತ್ತು ಎಂದು ಸಹ ತಿಳಿಯದೆ, ಮೊದಲ ಹಾಳೆಯ ಮೂಲೆಯಲ್ಲಿ ಇವಳ ಮೊಹರನ್ನು ಮುಟ್ಟಿ ನಂಬಿಕೊಂಡು, ಪೂರ್ತಿಯಿದೆ. ಪುಸ್ತಕ ಮುಚ್ಚಿ ಕೊಡಿ, ಎಂದರು ದಯಾಮಯ ಕನ್ನಡಕಳಿಗೆ. ಅದು ಅವರ ಮುಂದೆಯೇ ಇರ್ಲಿ, ಎಂದಳು ಇವಳು, ನಾನು ಇನ್ನೂ ಓದಿ ಮುಗಿಸಿಲ್ಲ. ಮೊಹರಿನ ಖಾನೆಯ ಬೀಗದ ಕೈಯನ್ನು ಎಡಗೈ ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡಳು.

ಓದತೊಡಗಿದಳು. ಗಟ್ಟಿಯಾಗಿ, ಪ್ರತಿ ದಿನ ಓದುವ ಅದೇ ಏರಿಳಿತವಿಲ್ಲದ ದನಿಯಲ್ಲಿ, ಬೆರಳಿನ ತುದಿಯನ್ನು ಕಾಗದಕ್ಕೆ ತಾಗಿಯೂ ತಾಗದಂತೆ ಹಿಡಿದು, ಬಡಿದ ಚುಕ್ಕೆಗಳು ಒಂದೊಂದೇ ಏಳುತ್ತ ಬಂದವು, ಕೆಲವು ಅರ್ಧ, ಕೆಲವು ಬರಿಯ ಸುಳಿವು. ಇಲ್ಲ ಎಂಬುದನ್ನು ನಾವು ಹಲವು ಅರ್ಥದಲ್ಲಿ ಹೇಳುತ್ತೇವೆ. ಕಲ್ಲಿಗೂ ಕಣ್ಣಿಲ್ಲ, ಆದರೆ ಕಲ್ಲನ್ನು ಕುರುಡು ಎನ್ನುವುದಿಲ್ಲ. ಕಾಣಬೇಕಾಗಿದ್ದ ಜೀವಿ ಕಾಣದಿದ್ದರೆ ಮಾತ್ರ ಹಾಗೆನ್ನುತ್ತೇವೆ — ಕಾಣಬೇಕಾಗಿದ್ದ, ಹೌದೇನಪ್ಪಾ, ಕಾಣಬೇಕಾಗಿತ್ತು ಎಂದು ನಿನಗೆ ಹೇಳಿದವರು ಯಾರು, ನನ್ನ ಬೆರಳು ಓದುವುದನ್ನು ನಿನ್ನ ಬೆರಳು ಓದುವುದಿಲ್ಲವಲ್ಲ, ನಿನಗೆ ಏನೆನ್ನಬೇಕು, ಬಾ ಕೂತ್ಕೋ, ಮಾತಾಡೋಣ. ಸಿಟ್ಟಿನ ನಡುವೆಯೂ ಅವಳಿಗೆ ಒಂದು ಖುಷಿ ಮಿಂಚಿ ಹೋಯಿತು, ಎರಡು ಸಾವಿರದ ಚಿಲ್ಲರೆ ವರ್ಷದ ಆಚೆಯಿಂದ ಒಬ್ಬ ಜಗಳಕ್ಕೆ ಬಂದಿದ್ದಾನೆ, ಮುಖಕ್ಕೆ ಮುಖ ಕೊಟ್ಟು ಬಂದಿದ್ದಾನೆ, ಇವರು ಬಡಿದದ್ದು ನೋವನ್ನಲ್ಲ, ಈ ಜಗಳವನ್ನು, ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು ಸರ್, ಅದು ಸರಿಯಿಲ್ಲ, ಎನ್ನುವ ಅವಕಾಶವನ್ನು. ದಯಾಮಯ ನಡುವೆ ಏನೋ ಹೇಳಹೋದರು, ಅವಳು ನಿಲ್ಲಿಸಲಿಲ್ಲ. ಕುರುಡುತನ ಕಣ್ಣಿನ ಹಾಗೆ ಒಂದು ವಸ್ತುವಲ್ಲ. ಮುಂದೆ ಸುತ್ತಿಗೆ ಜೋರಾಗಿ ಬಿದ್ದಿದೆ, ತಗಡಿನವರ ಕೈ ಅಲ್ಲಿ ಚೆನ್ನಾಗಿ ಓಡಿದೆ, ಒಂದು ಪದ ಪೂರ್ತಿ ನುಣುಪು, ಬಗೆ ಎಂದಿದೆ, ಇರು ಎಂದಿದೆ, ಬಾಲ ಇಲ್ಲ, ಬಾಲವನ್ನು ಊಹಿಸಿಕೊಳ್ಳಬೇಕು, ಊಹಿಸುವುದೇನು ಬಂತು, ಇಷ್ಟು ವರ್ಷ ಎಲ್ಲರೂ ಹೇಳಿದ್ದನ್ನೇ ಅವನೂ ಹೇಳಿರುತ್ತಾನೆ, ಇಬ್ಬರು ಎಂದಿರುತ್ತಾನೆ, ಅಂದ್ಕೋ ಎಂದಿರುತ್ತಾನೆ — ಅವಳು ಓದಿದಳು, ಅದು ಯಾವ ಬಗೆಯಲ್ಲೂ ಇರುವುದಿಲ್ಲ.

ಟಕ್ ಟಕ್.

ಪೆನ್ಸಿಲು. ಮೇಜಿನ ಆಚೆಯಿಂದ. ದಯಾಮಯರ ಷೂ ಕಿರ್ರೆಂದು ನಿಂತಿತು, ಕನ್ನಡಕ ಹಾಂ ಎಂದು ಉಸಿರನ್ನು ಒಳಗೆ ಎಳೆದುಕೊಂಡಳು, ತನ್ನ ಕೈ ಮಾಡಿದ್ದು ತನಗೇ ಈಗ ಕೇಳಿಸಿದ ಹಾಗೆ, ಹದಿನೆಂಟು ವರ್ಷ ತಪ್ಪಿಗೆ ತಪ್ಪಿಗೆ ಬಡಿದ ಕೈ, ಬಾಯಿಗೆ ಕಲಿಸಿದ ಸುಳ್ಳನ್ನು ಕೈಗೆ ಕಲಿಸಲಿಕ್ಕೆ ಮರೆತಿದ್ದಳು. ಇಲ್ಲದ ಸಾಲಿನಲ್ಲಿ ತಪ್ಪು ಹಿಡಿದಿದ್ದಳು. ಏನ್ರೀ ನೀವು, ಎಂದರು ದಯಾಮಯ, ಬೇರೆ ಯಾವುದೋ ದನಿಯಲ್ಲಿ, ಅದರಲ್ಲಿ ದಯೆ ಇರಲಿಲ್ಲ, ಅವಳಿಗೆ ಅದೇ ಹಿತವಾಯಿತು. ಸಾರಿ, ಎಂದಳು ಕನ್ನಡಕ, ಯಾರಿಗೆ ಎಂದು ತಿಳಿಯಲಿಲ್ಲ, ಅಳುತ್ತಿದ್ದಾಳೆ, ಅಳಲಿ, ತಲೆ ಸವರುವುದಿಲ್ಲ, ಇವತ್ತಂತೂ ಇಲ್ಲ, ನಾಳೆಯೂ ಗೊತ್ತಿಲ್ಲ, ಗುರುವಾರದಿಂದ ನಾಲ್ಕು ದಿನ ಎದುರು ಕೂತು ಊಟ ಮಾಡಿದಳಲ್ಲ. ಹೊಸ ತಗಡು ಹೊಡೆಸಿ, ಎಂದಳು ಅವಳು ದಯಾಮಯರ ಕಡೆಗೆ ಮುಖ ತಿರುಗಿಸದೆ, ಒಂಬತ್ತು ಸಾಲೂ ಇರ್ಲಿ, ಆಮೇಲೆ ಮೊಹರಿನ ಮಾತು. ಮುಷ್ಟಿಯಲ್ಲಿ ಬೀಗದ ಕೈ ಬೆವರಿಗೆ ಜಾರುತ್ತಿತ್ತು. ಹಿಂದಕ್ಕೆ ಹೋಗು, ಮತ್ತೆ ಓದು — ಪದ್ಧತಿ ಅದು, ಬೆರಳು ಹಿಂದಕ್ಕೆ ಹೋಯಿತು, ನುಣುಪಾದ ಜಾಗದಲ್ಲಿ ಇನ್ನೂ ಹಗುರ, ಉಸಿರಿಗಿಂತ ಹಗುರ, ಅದೂ, ಇದೆ, ಒಂದು, ಇದೆ, ಅದೂ ಒಂದು ಬಗೆಯಲ್ಲಿ, ಮುಂದೆ ಇರು, ಮುಂದೆ ತ, ಅದರ ಒತ್ತು, ಮುಂದೆ ದ, ಅದರ ಪಕ್ಕ ಏನೂ ಇಲ್ಲ, ಬೆರಳು ತಂದಳು, ಏನೂ ಇಲ್ಲ, ಸೀನು ಬರುತ್ತಿದೆ, ಹಾಸಿಗೆಯ ಧೂಳು, ಮಕ್ಕಳು ಎಷ್ಟು ಜನ, ಮತ್ತೆ ತಂದಳು, ಎಡಕ್ಕೆ ನಡುವೆ ಒಂದು ಇರಬೇಕು, ಬಲಕ್ಕೆ ಕೆಳಗೆ ಒಂದು ಇರಬೇಕು, ಎಡದ್ದು ಹೋಗಿದೆ, ಪೂರ್ತಿ ಹೋಗಿದೆ, ಬಲದ್ದು, ಕೆಳಗಿನದು, ಇದೆ, ಬಡಿದು ಮಲಗಿಸಿದ ಚುಕ್ಕೆ, ಅದೂ ಒಂದು ಬಗೆಯಲ್ಲಿ ಇರುತ್ತದೆ, ಬೆರಳು ಅಲ್ಲೇ ನಿಂತಿತು, ಮುಂದಕ್ಕೆ ಹೋಗಲಿಲ್ಲ, ಆ ಚುಕ್ಕೆ, ಬಡಿದರೂ ಮಲಗದ ಆ ಒಂದು ಚುಕ್ಕೆ